ವಿದ್ಯುಚ್ಚೋರನ ಕಥೆ: ಪಾತ್ರವೂ ಕುತೂಹಲವೂ

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ಕೇಳುವವರಿಗೆ ಕುತೂಹಲ ಉಳಿಯುವುದಿಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ವಡ್ಡಾರಾಧನೆಯ ಕರ್ತೃವು ಈ ನಂಬಿಕೆಗೆ ಕಿವಿಗೊಟ್ಟವನಲ್ಲ. 10ನೆಯ ಶತಮಾನದ್ದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಆ ಗದ್ಯಗ್ರಂಥದ 19 ಕಥೆಗಳೂ ಒಂದೊಂದು ಪ್ರಾಕೃತ ಗಾಹೆಯಿಂದ ಮೊದಲಾಗುತ್ತವೆ. ನಾಯಕನು ಯಾವ ಉಪಸರ್ಗವನ್ನು ಸಹಿಸಿ ಗತಿಯನ್ನು ಪಡೆದನೆಂಬುದನ್ನು ಆ ಗಾಹೆಯೇ ಹೇಳಿಬಿಡುತ್ತದೆ. ವಿದ್ಯುಚ್ಚೋರನ ಕಥೆಯಲ್ಲಂತೂ ಇನ್ನೊಂದು ಗುಟ್ಟೂ ಬಯಲಾಗಿಯೇ ಇದೆ. ಹಗಲಲ್ಲಿ ಕುಷ್ಠರೋಗಿಯ ವೇಷದಿಂದ ಪಾಳುದೇಗುಲದಲ್ಲಿ ಬಿದ್ದಿರುವವನೇ ಇರುಳಿನಲ್ಲಿ ಸುಂದರಪುರುಷನಾಗಿ ಸುತ್ತುವ ಕಳ್ಳನೆಂದು ಓದುಗನಿಗೆ ಆರಂಭದಲ್ಲಿಯೇ ತಿಳಿಯುತ್ತದೆ. ಹೀಗಿದ್ದೂ ಈ ಕಥೆಯನ್ನು ನಡುವೆ ಕೈಬಿಟ್ಟವರನ್ನು ನಾವು ಕಂಡಿಲ್ಲ.

ಕಾರಣವನ್ನು ವಿಚಾರಿಸಬೇಕು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ ಹಳೆಯ ವಿದ್ಯಾರ್ಥಿಗಳು ನಮ್ಮ ಓದುಗರಲ್ಲಿ ಹಲವರಿರಬಹುದು; ಅದರಲ್ಲಿ ತಪ್ಪೇನೂ ಇಲ್ಲ. ಅಂತಹ ಕಥೆಗಳಲ್ಲಿ ‘ಯಾರು’ ಎಂಬ ಪ್ರಶ್ನೆಯೇ ಪ್ರಧಾನ. ಉತ್ತರ ದೊರೆತೊಡನೆ ಪುಸ್ತಕ ಮುಗಿಯುತ್ತದೆ. ವಡ್ಡಾರಾಧನೆಯ ಕಥೆಗಾರನು ‘ಯಾರು’ ಎಂಬುದನ್ನು ಉದಾರವಾಗಿ ಕೊಟ್ಟು ‘ಏಕೆ’ ಎಂಬುದನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾನೆ.

ಮಿಥಿಲೆಯ ಅರಸ ವಾಮರಥನ ಹಾರ ಕಳುವಾಗುತ್ತದೆ. ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ತಳಾರ ಯಮದಂಡನಿಗೇ ದಂಡನೆ. (ನಮ್ಮ ಹಳ್ಳಿಗಳ ‘ತಳವಾರ’ನಲ್ಲಿ ಇಂದಿಗೂ ಉಳಿದಿರುವುದು ಇದೇ ಶಬ್ದ.) ಗಡುವು ತೀರುವ ದಿನ ಯಮದಂಡನು ಆ ಕುಷ್ಠರೋಗಿಯನ್ನು ತಂದು ನಿಲ್ಲಿಸಿ, ಇವನೇ ಕಳ್ಳನೆಂದು ಸಾಧಿಸುತ್ತಾನೆ. ನಿಲ್ಲಲು ತ್ರಾಣವಿಲ್ಲದಂತೆ ತೋರುವ ರೋಗಿ ಅರಮನೆಯಲ್ಲಿ ಕದಿಯುವುದೆಂದರೇನು? ಯಮದಂಡನ ಮಾತು ನಿಜವೆಂದು ಓದುಗನು ಬಲ್ಲ, ಸಭೆ ಅರಿಯದು. ಇಲ್ಲಿರುವ ಬಿಗಿ ಇದೇ. ಸತ್ಯವನ್ನು ನುಡಿಯುತ್ತಿರುವವನು ಸುಳ್ಳುಗಾರನಂತೆ ಕಾಣುತ್ತಿದ್ದಾನೆ, ಅವನ ಪ್ರಾಣವೋ ಕಳ್ಳನ ನಾಲಗೆಯ ಮೇಲೆ ನಿಂತಿದೆ.

ಮುಂದೆ 32 ಬಗೆಯ ಶಿಕ್ಷೆಗಳು. ಒಂದೊಂದು ಶಿಕ್ಷೆಗೂ ಕಳ್ಳನ ಉತ್ತರ ಒಂದೇ: ತಾನು ಕಳ್ಳನಲ್ಲ. ಸಾಮಾನ್ಯವಾಗಿ ನಮ್ಮ ಮರುಕ ಶಿಕ್ಷೆಗೊಳಗಾದವನ ಕಡೆಗೆ ಹರಿಯಬೇಕು. ಇಲ್ಲಿ ಅದು ಇಬ್ಭಾಗವಾಗುತ್ತದೆ. ಅವನು ಒಪ್ಪಿಕೊಂಡರೆ ಅವನಿಗೆ ಕೇಡು, ಒಪ್ಪದಿದ್ದರೆ ನಿರಪರಾಧಿಯಾದ ತಳಾರನಿಗೆ ಕೇಡು. ಅರಸನ ನ್ಯಾಯದ ಟೊಳ್ಳನ್ನು ಕಥೆಗಾರನು ಒಂದು ಮಾತಿನಲ್ಲಿಯೂ ನಿಂದಿಸಿಲ್ಲ. ಆದರೂ ಚಿತ್ರಹಿಂಸೆಯಿಂದ ಸತ್ಯ ಹೊರಬೀಳದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಹಳಗನ್ನಡದ ಪ್ರಸಂಗ ನಮಗೆ ನೆನಪಾಗುತ್ತಿಲ್ಲ.

ಸತ್ಯವು ಹೊರಬೀಳುವುದು ಕಳ್ಳನು ತಾನಾಗಿ ನುಡಿದಾಗ. ಯಮದಂಡನು ಹೇಳಿದ್ದು ನಿಜ, ಹಾರವನ್ನು ಕದ್ದವನು ತಾನೇ ಎನ್ನುತ್ತಾನೆ. ಇಷ್ಟು ನೋವನ್ನು ಹೇಗೆ ತಾಳಿದೆಯೆಂದರೆ, ಮುನಿಗಳಿಂದ ಕೇಳಿದ ನರಕದ ದುಃಖಗಳ ಮುಂದೆ ಇದು ಯಾವ ಲೆಕ್ಕವೆಂದು ಉತ್ತರ ಕೊಡುತ್ತಾನೆ. ಅರಸನು ಮೆಚ್ಚಿ ವರವನ್ನು ಬೇಡೆಂದರೆ ತನ್ನ ಮಿತ್ರನಾದ ಯಮದಂಡನಿಗೆ ಅಭಯವನ್ನು ಕೇಳುತ್ತಾನೆ. ‘ಮಿತ್ರ’ ಎಂಬ ಆ ಒಂದು ಶಬ್ದದಿಂದ ಅದುವರೆಗಿನ ಕಥೆಯೆಲ್ಲ ಮಗುಚಿಕೊಳ್ಳುತ್ತದೆ. ಕಳ್ಳನು ರಾಜಪುತ್ರ, ತಳಾರನು ಅವನ ತಂದೆಯ ತಳಾರನ ಮಗ. ಇಬ್ಬರೂ ಜೊತೆಯಲ್ಲಿ ಓದಿದವರು. ಒಬ್ಬನು ಕಾವಲಿನ ವಿದ್ಯೆಯನ್ನೂ ಮತ್ತೊಬ್ಬನು ಚೋರಶಾಸ್ತ್ರವನ್ನೂ ಕಲಿತರು. ನೀನು ಕಾಯುವ ಊರಿನಲ್ಲಿಯೇ ಕದಿಯುವೆನೆಂದು ರಾಜಪುತ್ರನು ಪಂಥವಾಡಿದ್ದನು. ಮುಂದೆ ಅವನು ಪಟ್ಟಕ್ಕೆ ಬರಲು ಯಮದಂಡನು ಅಂಜಿ ಮಿಥಿಲೆಗೆ ಓಡಿಬಂದಿದ್ದನು. ಅವನನ್ನು ಹಿಂದಕ್ಕೆ ಕರೆದೊಯ್ಯಲೆಂದೇ ಈ ಕಳವು!

ಯಮದಂಡನ ಪಾತ್ರ ಇಲ್ಲಿ ಮತ್ತಷ್ಟು ಬೆಳೆಯುತ್ತದೆ. ಯಾರ ಭಯದಿಂದ ನಾಡನ್ನೇ ತೊರೆದನೋ ಅವನನ್ನೇ ಕೈಹಿಡಿದು ಸಭೆಗೆ ಎಳೆತಂದವನು ಅವನು. ವಿದ್ಯುಚ್ಚೋರನ ಸ್ನೇಹವನ್ನಾದರೋ ನಾವು ಸುಲಭವಾಗಿ ಹೊಗಳಲಾರೆವು. ಗೆಳೆಯನ ತಲೆಯನ್ನು ಪಣಕ್ಕೊಡ್ಡಿದ ಆಟವಲ್ಲವೆ ಅದು? ಕೊನೆಯ ಗಳಿಗೆಯವರೆಗೆ ಬಾಯಿ ಬಿಡದಿದ್ದುದರಲ್ಲಿ ಪ್ರೀತಿಗಿಂತ ಪಂಥದ ಹಟವೇ ಹೆಚ್ಚಾಗಿದೆ. ಕಥೆಗಾರನು ಇದನ್ನು ಮುಚ್ಚಿಡುವುದಿಲ್ಲ, ಇದಕ್ಕಾಗಿ ಅವನನ್ನು ದೂರುವುದೂ ಇಲ್ಲ.

ಕಥೆಯ ಉತ್ತರಭಾಗ ಅವಸರದ್ದು. ವಿದ್ಯುಚ್ಚೋರನು ಗೆಳೆಯನೊಡನೆ ತನ್ನ ನಾಡಿಗೆ ಮರಳಿ, ವೈರಾಗ್ಯಗೊಂಡು ದೀಕ್ಷೆವಹಿಸುತ್ತಾನೆ. ಅಷ್ಟು ಮೋಜುಗಾರನಾದ ಮನುಷ್ಯನ ಮನಸ್ಸು ತಿರುಗಿದ ಬಗೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕಿತ್ತೆಂದು ಓದಿದಾಗಲೆಲ್ಲ ಅನಿಸುತ್ತದೆ. ಆದರೆ ಪಾತ್ರದ ಎಳೆ ಹರಿದಿಲ್ಲ. ಕಡೆಗೆ ತಾಮ್ರಲಿಪ್ತಿಯಲ್ಲಿ ಚಾಮುಂಡಿಯು ಕವಿಸಿದ ಸೊಳ್ಳೆಗಳ ಕಡಿತವನ್ನು ಅಲುಗದೆ ಸಹಿಸಿದ ಮುನಿಯು, ಮಿಥಿಲೆಯಲ್ಲಿ 32 ಶಿಕ್ಷೆಗಳನ್ನುಂಡ ಕಳ್ಳನೇ. ಅದೇ ದೇಹ, ಅದೇ ತಾಳ್ಮೆ; ಅಂದು ಪಂಥಕ್ಕಾಗಿ ತಾಳಿದನು, ಈಗ ಕರ್ಮಕ್ಷಯಕ್ಕಾಗಿ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಗ್ರಂಥ ಸಿಕ್ಕವರು ಈ ಕಥೆಯನ್ನು ಮುಗಿಸಿದ ಬಳಿಕ ಮೊದಲಿನ ಗಾಹೆಗೆ ಮರಳಿ ಬರಬೇಕು. ಮೊದಲ ಓದಿನಲ್ಲಿ ಅದು ಯಾರೋ ಒಬ್ಬ ಮುನಿಯ ಮಾತಾಗಿರುತ್ತದೆ. ಎರಡನೆಯ ಸಲ ಓದುವಾಗ ಆ ಪಾಳುದೇಗುಲದ ರೋಗಿಯ ಮುಖ ಅದರೊಳಗೆ ಕಾಣುತ್ತದೆ.