ಕೋಟೆ ಎಂದರೆ ಯಾವ ಕೋಟೆ? ಚಿತ್ರಭಂಡಾರಗಳ ಹೆಸರಿಡುವ ಕ್ರಮ: ಒಂದು ವಿಮರ್ಶೆ

ಅಂತರಜಾಲದ ಚಿತ್ರಭಂಡಾರಕ್ಕೆ ಒಂದು ಚಿತ್ರವನ್ನು ಸೇರಿಸುವುದು ಸುಲಭ. ಬೇಕಾದಾಗ ಅದನ್ನು ಹುಡುಕಿ ತೆಗೆಯುವುದು ಕಷ್ಟ. ಈ ಹುಡುಕಾಟದಲ್ಲಿ ಗಣಕವು ಬಹುಮಟ್ಟಿಗೆ ಅವಲಂಬಿಸುವುದು ಚಿತ್ರಕ್ಕೆ ಅಂಟಿಸಿದ ಗುರುತುಪದಗಳನ್ನು, ಅಂದರೆ ಟ್ಯಾಗ್‌ಗಳನ್ನು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಚಿತ್ರಕ್ಕೆ ‘ಕೋಟೆ’ ಎಂದಷ್ಟೇ ಟ್ಯಾಗ್ ಕೊಟ್ಟರೆ ಊರಿನವರಿಗೆ ಅರ್ಥವಾದೀತು. ಆದರೆ ಚಿತ್ರದುರ್ಗದಲ್ಲೂ ಬೆಂಗಳೂರಿನಲ್ಲೂ ಕೋಟೆಗಳಿವೆ. ಗಣಕ ಎಲ್ಲವನ್ನೂ ಒಂದೇ ರಾಶಿಗೆ ಸುರಿಯುತ್ತದೆ.

2004ರಲ್ಲಿ ಆರಂಭವಾದ ವಿಕಿಮೀಡಿಯಾ ಕಾಮನ್ಸ್ ಇದಕ್ಕೆ ಒಂದು ಕ್ರಮವನ್ನು ಅನುಸರಿಸುತ್ತದೆ: ಒಂದೇ ಹೆಸರು ಎರಡು ಕಡೆ ಇದ್ದರೆ ಹೆಸರಿನ ಜೊತೆಗೆ ವಿಶೇಷಣವೊಂದನ್ನು ಸೇರಿಸಬೇಕು. ಭದ್ರಾವತಿ ನಮ್ಮ ಜಿಲ್ಲೆಯಲ್ಲಿರುವಂತೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಇರುವುದರಿಂದ ಈ ನಿಯಮ ಉಚಿತವೇ. ಆದರೆ ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಅಲ್ಲಿ ವರ್ಗಗಳ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು. ಕನ್ನಡದಲ್ಲಿ ಹುಡುಕುವ ವಿದ್ಯಾರ್ಥಿಗೆ ಇದು ತೊಡಕು. ಎರಡನೆಯದಾಗಿ, ಹೆಸರುಗಳು ಸ್ಥಿರವಲ್ಲ. ಭದ್ರಾವತಿ ಹಿಂದೆ ಬೆಂಕಿಪುರವಾಗಿತ್ತು. ಇಂಗ್ಲಿಷಿನ ಶಿಮೋಗ 2014ರ ನವೆಂಬರ್ 1ರಂದು ಶಿವಮೊಗ್ಗವಾಯಿತು. ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿ ತೋರುವ ಕೊಂಡಿಯನ್ನು ಯಾರಾದರೂ ಕೂರಿಸದಿದ್ದರೆ ಚಿತ್ರಗಳು ಎರಡು ಪಾಲಾಗುತ್ತವೆ.

ಊರಿಗಾದರೆ ಅಕ್ಷಾಂಶ ರೇಖಾಂಶಗಳಿವೆ. ಕಲ್ಪಿತ ಪಾತ್ರಕ್ಕೆ ಏನಿದೆ? ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವು ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿತ್ತು. ಆ ಕಥೆಗಳ ಹುಡುಗನ ಚಿತ್ರಕ್ಕೆ ‘ಸ್ವಾಮಿ’ ಎಂದು ಬರೆದರೆ ಸೂಚಿತನಾಗುವವನು ಯಾರು? ಆರ್.ಕೆ. ನಾರಾಯಣ್ 1935ರ ಕಾದಂಬರಿಯಲ್ಲಿ ಸೃಷ್ಟಿಸಿದ ಪಾತ್ರವೇ, ಆರ್.ಕೆ. ಲಕ್ಷ್ಮಣ್ ರೇಖೆಗಳಲ್ಲಿ ಮೂಡಿಸಿದ ರೂಪವೇ, ಪರದೆಯ ಮೇಲೆ ಆ ಪಾತ್ರ ವಹಿಸಿದ ಬಾಲನಟ ಮಂಜುನಾಥನೇ? ಪಾತ್ರ, ಕಲಾವಿದ, ನಟ – ಈ ಮೂರಕ್ಕೂ ಪ್ರತ್ಯೇಕ ಟ್ಯಾಗ್‌ಗಳು ಬೇಕು. ಕಲಾವಿದರು ತಾವೇ ಸೃಷ್ಟಿಸಿದ ಪಾತ್ರಗಳನ್ನು ಸೇರಿಸುವ ಭಂಡಾರಗಳಲ್ಲಿ ಸಮಸ್ಯೆ ಇನ್ನೂ ತೀವ್ರ. ಇಬ್ಬರು ತಮ್ಮ ತಮ್ಮ ಪಾತ್ರಕ್ಕೆ ‘ಚಂದ್ರಿ’ ಎಂದು ಹೆಸರಿಟ್ಟರೆ ಯಾರದೂ ತಪ್ಪಲ್ಲ. ಸೃಷ್ಟಿಕರ್ತರ ಹೆಸರನ್ನು ಟ್ಯಾಗಿನಲ್ಲಿ ಕೈಬಿಟ್ಟ ಕ್ರಮ ಮಾತ್ರ ತಪ್ಪು.

ಜೀವಿವಿಜ್ಞಾನ ಈ ಪಾಠವನ್ನು ಬಹು ಹಿಂದೆಯೇ ಕಲಿತಿದೆ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಕಾಣುವ ಹುಲಿಯ ಪೂರ್ಣ ಹೆಸರು ಪ್ಯಾಂಥೆರಾ ಟೈಗ್ರಿಸ್ (ಲಿನೇಯಸ್, 1758). ಹೆಸರಿಟ್ಟವನೂ ವರ್ಷವೂ ಅದರಲ್ಲಿ ಸೇರಿವೆ. ಲಿನೇಯಸ್ ಅದನ್ನು ಫೆಲಿಸ್ ಜಾತಿಗೆ ಸೇರಿಸಿದ್ದ. ಜಾತಿ ಬದಲಾಗಿದೆ ಎಂಬುದನ್ನು ಆ ಆವರಣ ಚಿಹ್ನೆಯೇ ತಿಳಿಸುತ್ತದೆ. ಬದಲಾವಣೆಯ ಚರಿತ್ರೆಯನ್ನು ಅಳಿಸದೆ ಹೊಸ ಹೆಸರನ್ನು ಒಪ್ಪುವ ಈ ಜಾಣ್ಮೆ ಟ್ಯಾಗ್‌ಗಳಿಗೂ ಬೇಕು.

ಇನ್ನೊಂದು ಪರಿಹಾರವೆಂದರೆ ಹೆಸರನ್ನೂ ಗುರುತನ್ನೂ ಬೇರ್ಪಡಿಸುವುದು. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯಡಿ ಯಾವ ಭಾಷೆಯ ಹೆಸರನ್ನಾದರೂ ಬರೆಯಬಹುದು. ಚಿತ್ರದಲ್ಲಿರುವುದು ಏನು ಎಂಬುದನ್ನು ಈ ಸಂಖ್ಯೆಯ ಮೂಲಕ ಸೂಚಿಸುವ ಸೌಲಭ್ಯ 2019ರಲ್ಲಿ ಕಾಮನ್ಸ್‌ಗೂ ಬಂದಿತು. ಇದು ನಿಜವಾದ ಸುಧಾರಣೆ. ಆದರೆ ಸಂಖ್ಯೆ ತಾನಾಗಿ ಕನ್ನಡ ಕಲಿಯುವುದಿಲ್ಲ. ಕನ್ನಡದ ಕೋಷ್ಠಕ ಖಾಲಿ ಉಳಿದರೆ ಚಿತ್ರ ಭಂಡಾರದಲ್ಲಿದ್ದೂ ನಮ್ಮ ಮಕ್ಕಳ ಪಾಲಿಗೆ ಇಲ್ಲದಂತೆಯೇ.

ಶಾಲಾ ಯೋಜನೆಗಾಗಿ ಚಿತ್ರ ಸೇರಿಸುವವರು ಮೂರನ್ನು ಮರೆಯದಿದ್ದರೆ ಸಾಕು: ಇದು ಏನು, ಎಲ್ಲಿಯದು ಅಥವಾ ಯಾರ ಸೃಷ್ಟಿ, ಹಿಂದೆ ಇದಕ್ಕೆ ಬೇರೆ ಹೆಸರಿತ್ತೇ. ಈ ಮೂರನ್ನೂ ಕನ್ನಡದಲ್ಲಿಯೂ ಬರೆಯಬೇಕು.