ಆರಡಿ ನೆಲ, ಒಂದು ಕೆಂಪು ಸ್ವೆಟರು

ನಮ್ಮ ಚರ್ಚಿನ ಬೆಳೆ ಹಬ್ಬದ ಆರಾಧನೆಯಲ್ಲಿ ಟಾಲ್‌ಸ್ಟಾಯ್‌ನ ಪಾಹೋಮನ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎದುರಿಗೆ ಹೊಸ ಭತ್ತದ ತೆನೆ, ಬಾಳೆಗೊನೆ, ಸೌತೆ, ಕುಂಬಳ ಜೋಡಿಸಿಟ್ಟಿರುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳ ಏಲಂ. ಅದಕ್ಕೆ ಮೊದಲು ಪ್ರಸಂಗ, ಪ್ರಸಂಗದ ಕೊನೆಗೆ ಪಾಹೋಮ. ಸಂಜೆಯೊಳಗೆ ಸುತ್ತಿದಷ್ಟು ನೆಲ ಸಿಗುತ್ತದೆಂದು ಓಡಿ ಓಡಿ ಸತ್ತವನಿಗೆ ಕಡೆಗೆ ದಕ್ಕಿದ್ದು ಆರಡಿ ನೆಲ, ಆದ್ದರಿಂದ ವಸ್ತುವಿನ ಆಸೆ ಬಿಡಿ, ದೇವರಿಗೆ ಸ್ತೋತ್ರ ಹೇಳಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ‘ಆದ್ದರಿಂದ’ ನನಗೆ ಯಾವತ್ತೂ ದಕ್ಕಿಲ್ಲ. ಹೆದರಿ ಆಸೆ ಬಿಟ್ಟವನ ಬಾಯಲ್ಲಿ ಸ್ತೋತ್ರ ಹೇಗೆ ಬರುತ್ತದೆ?

‘ಮನುಷ್ಯನಿಗೆ ಎಷ್ಟು ನೆಲ ಬೇಕು?’ 1886ರ ಕತೆ. ಜೇಮ್ಸ್ ಜಾಯ್ಸ್ 1935ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಲೋಕದ ಸಾಹಿತ್ಯದಲ್ಲೇ ಇದಕ್ಕಿಂತ ದೊಡ್ಡ ಕತೆಯಿಲ್ಲ ಎಂದ. ಆ ಮಾತು ಅಂದಿನಿಂದ ಕತೆಯ ಹಣೆಗೆ ಅಂಟಿಕೊಂಡಿದೆ. ಕತೆಯ ಬೇರುಗಳೂ ಗೊತ್ತಿರುವವೇ: ಟಾಲ್‌ಸ್ಟಾಯ್ ಕುಮಿಸ್ (ಹುದುಗಿಸಿದ ಕುದುರೆ ಹಾಲು) ಚಿಕಿತ್ಸೆಗೆಂದು ಬಷ್ಕೀರರ ಹುಲ್ಲುಗಾವಲಿಗೆ ಹೋದದ್ದು, 1871ರಲ್ಲಿ ಸಮಾರಾ ಪ್ರಾಂತ್ಯದಲ್ಲಿ ತಾನೇ ಜಮೀನು ಕೊಂಡದ್ದು, ಒಂದು ಹಗಲಿನಲ್ಲಿ ಸುತ್ತಿದಷ್ಟು ನೆಲ ನಿನ್ನದು ಎಂಬ ಸಿಥಿಯನ್ನರ ಪದ್ಧತಿಯನ್ನು ಹೆರೊಡೋಟಸ್‌ನಲ್ಲಿ ಓದಿದ್ದು. ಕಟ್ಟಡ ಬಿಗಿಯಾಗಿದೆ, ಒಪ್ಪುತ್ತೇನೆ. ನನ್ನ ತಕರಾರು ಅದರ ಧರ್ಮದ ಬಗ್ಗೆ.

ಪಾಹೋಮನ ಆಸೆ ಹುಟ್ಟುವ ಜಾಗವನ್ನು ನೋಡಿ. ನೆರೆಯ ಒಡತಿಯ ಎಸ್ಟೇಟಿಗೆ ಒಬ್ಬ ಮಾಜಿ ಸೈನಿಕ ಮೇಲ್ವಿಚಾರಕನಾಗಿ ಬರುತ್ತಾನೆ. ದನ ಗಡಿ ದಾಟಿತೆಂದು, ಕುದುರೆ ಓಟ್ಸಿಗೆ ಬಾಯಿ ಹಾಕಿತೆಂದು ದಂಡ ಹಾಕಿ ಹಾಕಿ ರೈತರನ್ನು ಹಿಂಡುತ್ತಾನೆ. ಆ ನೆಲ ಮಾರಾಟಕ್ಕೆ ಬಂದಾಗ ಪಾಹೋಮ ಮರಿಗುದುರೆ ಮಾರುತ್ತಾನೆ, ಜೇನುಗೂಡುಗಳಲ್ಲಿ ಅರ್ಧದಷ್ಟನ್ನು ಮಾರುತ್ತಾನೆ, ಮಗನನ್ನು ಕೂಲಿಗೆ ಬಿಡುತ್ತಾನೆ. ಇದು ದುರಾಸೆಯೇ? ನನ್ನ ಅಜ್ಜ ಗೇಣಿದಾರರಾಗಿದ್ದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಡಿಕ್ಲರೇಶನ್ ಹಾಕಿ, ತಾವು ಉಳುತ್ತಿದ್ದ ಗದ್ದೆಯನ್ನೇ ತಮ್ಮ ಹೆಸರಿಗೆ ಮಾಡಿಕೊಂಡರು. ಕರಾವಳಿಯ ಬೆಳೆ ಹಬ್ಬದ ಬೆಂಚುಗಳಲ್ಲಿ ಅಂಥವರ ಮಕ್ಕಳು ಮೊಮ್ಮಕ್ಕಳು ಅನೇಕರಿದ್ದಾರೆ. ಅವರ ಮನೆಗಳಲ್ಲಿ ನೆಲ ಎಂದರೆ ಇನ್ನೊಬ್ಬರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲದೆ ಬದುಕುವ ಮರ್ಯಾದೆ. ಟಾಲ್‌ಸ್ಟಾಯ್‌ಗೂ ಇದು ಗೊತ್ತು, ದಂಡದ ವಿವರ ಕೊಟ್ಟವನು ಅವನೇ. ಆದರೂ ಒಲೆಯ ಹಿಂದೆ ಒಂದು ಸೈತಾನನನ್ನು ಕೂರಿಸಿ, ಅನ್ಯಾಯದಿಂದ ಹುಟ್ಟಿದ ಬೇಡಿಕೆಯನ್ನೂ ಅವನ ಖಾತೆಗೆ ಬರೆದುಬಿಡುತ್ತಾನೆ.

ಇನ್ನೊಂದು ಜಾಗ ಇದಕ್ಕಿಂತ ಮುಖ್ಯ. ಮೊದಲ ಸಲ ಸ್ವಂತ ನೆಲದಲ್ಲಿ ನಿಂತ ಪಾಹೋಮನಿಗೆ ಅಲ್ಲಿನ ಹುಲ್ಲು, ಹೂವು ಬೇರೆಲ್ಲಿಯದಕ್ಕಿಂತ ಬೇರೆಯಾಗಿ ಕಾಣುತ್ತವೆ. ಇಡೀ ಕತೆಯಲ್ಲಿ ಆ ಮನುಷ್ಯನ ಎದೆ ತುಂಬುವುದು ಆಗ ಮಾತ್ರ. ಇಲ್ಲಿಂದ ಕೃತಜ್ಞತೆಗೆ ಒಂದೇ ಹೆಜ್ಜೆ. ಆ ಹೆಜ್ಜೆ ಇಡಲು ಟಾಲ್‌ಸ್ಟಾಯ್ ಅವನಿಗೆ ಸಮಯ ಕೊಡುವುದಿಲ್ಲ. ಮರುಗಳಿಗೆಯಲ್ಲೇ ನೆರೆಯವರ ದನ ಗದ್ದೆಗೆ ನುಗ್ಗುತ್ತವೆ, ಜಗಳ ಶುರುವಾಗುತ್ತದೆ, ಕತೆ ತನ್ನ ಗುಂಡಿಯ ಕಡೆಗೆ ಓಡುತ್ತದೆ. ಸಿಕ್ಕಿದ್ದರಲ್ಲಿ ಸಂತೋಷಪಟ್ಟ ಒಂದು ಗಳಿಗೆಯನ್ನು ತಾಳಿಕೊಳ್ಳದ ಕತೆಯನ್ನು ನಾವು ಕೃತಜ್ಞತೆಯ ಹಬ್ಬಕ್ಕೆ ಆರಿಸಿಕೊಂಡಿದ್ದೇವೆ.

ಇಲ್ಲಿ ಚೆಕಾಫ್‌ನ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. 1898ರ ‘ಗೂಸ್‌ಬೆರಿ’ ಕತೆಯಲ್ಲಿ ಇವಾನ್ ಇವಾನಿಚ್ ಈ ನೀತಿಗೆ ಉತ್ತರ ಕೊಟ್ಟಾಗಿದೆಯಲ್ಲ ಎನ್ನುತ್ತಾರೆ: ಅಷ್ಟು ನೆಲ ಸಾಕಾಗುವುದು ಹೆಣಕ್ಕೆ, ಬದುಕಿರುವವನಿಗೆ ಇಡೀ ಭೂಮಂಡಲವೇ ಬೇಕು. ವಿಮರ್ಶಕರು ಇದನ್ನು ಕೊನೆಯ ತೀರ್ಪು ಎಂಬಂತೆ ಎತ್ತಿ ಹೇಳುವುದನ್ನು ನಾನು ಓದುತ್ತಲೇ ಬಂದಿದ್ದೇನೆ, ಒಪ್ಪಲು ಆಗಿಲ್ಲ. ಮೊದಲನೆಯದಾಗಿ, ಇವಾನ್ ಇವಾನಿಚ್‌ನ ಮಾತನ್ನು ಚೆಕಾಫ್‌ನ ಮಾತೆಂದು ಹಿಡಿಯುವುದೇ ಅವಸರದ ಓದು. ಅವನ ಭಾಷಣ ಕೇಳಿದವರಿಗೆ ತೃಪ್ತಿಯಾಗಲಿಲ್ಲವೆಂದು ಚೆಕಾಫ್ ಅದೇ ಕತೆಯಲ್ಲಿ ಬರೆದಿದ್ದಾನೆ. ಎರಡನೆಯದಾಗಿ, ಇಬ್ಬರ ಕೈಯಲ್ಲೂ ಇರುವುದು ಅದೇ ಅಳತೆಕೋಲು. ಒಬ್ಬ ಆರಡಿ ಎನ್ನುತ್ತಾನೆ, ಇನ್ನೊಬ್ಬ ಭೂಮಂಡಲ ಎನ್ನುತ್ತಾನೆ. ಕೊಟ್ಟವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ. ಕ್ರೈಸ್ತ ಬದುಕಿನಲ್ಲಿ ಮೊದಲು ಏಳಬೇಕಾದ ಪ್ರಶ್ನೆ ಅದು. ಲೂಕನ ಸುವಾರ್ತೆಯಲ್ಲಿ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬ ಸಮಾರ್ಯದವನು ಮಾತ್ರ ಹಿಂತಿರುಗಿ ಬಂದ. ಅವನಿಗೂ ಉಳಿದ ಒಂಬತ್ತು ಮಂದಿಗೂ ಇದ್ದ ವ್ಯತ್ಯಾಸ ಸಿಕ್ಕಿದ್ದರ ಪ್ರಮಾಣದಲ್ಲಿರಲಿಲ್ಲ, ಹಿಂತಿರುಗಿ ಬಂದದ್ದರಲ್ಲಿತ್ತು.

ಆ ಪ್ರಶ್ನೆಯನ್ನು ಕೇಳಿದ ಕತೆಯನ್ನೂ ಟಾಲ್‌ಸ್ಟಾಯ್ ಬರೆದಿದ್ದಾನೆ. 1905ರಲ್ಲಿ ಬರೆದು, ಸರಿ ಬರಲಿಲ್ಲವೆಂದು ದಿನಚರಿಯಲ್ಲಿ ಗುರುತು ಹಾಕಿ ಕೈಬಿಟ್ಟ. ಅವನು ತೀರಿಕೊಂಡ ಮರುವರ್ಷ, 1911ರಲ್ಲಿ, ಅದು ಅಚ್ಚಾಯಿತು. ಕೆಲವೇ ಪುಟಗಳ ಆ ಕತೆ ‘ಗಡಿಗೆ ಅಲ್ಯೋಶಾ’. ಕವಿ ಬ್ಲೋಕ್ ಅದೇ ವರ್ಷ ಓದಿ ಬೆರಗಾದ, ಸಾಹಿತ್ಯ ಚರಿತ್ರಕಾರ ಮಿರ್ಸ್ಕಿ ಅದನ್ನು ತುಂಬ ಎತ್ತರದಲ್ಲಿಟ್ಟ. ನಮ್ಮ ತರಗತಿಗಳಲ್ಲಿ, ಪ್ರಸಂಗಗಳಲ್ಲಿ ಮಾತ್ರ ಅದರ ಹೆಸರನ್ನು ನಾನು ಕೇಳಿಲ್ಲ.

ಹಾಲಿನ ಗಡಿಗೆ ಒಡೆದದ್ದಕ್ಕೆ ಅಡ್ಡಹೆಸರು ಪಡೆದ ಹುಡುಗ. ಹತ್ತೊಂಬತ್ತಕ್ಕೆ ಅಪ್ಪ ಅವನನ್ನು ಪಟ್ಟಣದ ವ್ಯಾಪಾರಿಯ ಮನೆಗೆ ಆಳಾಗಿ ಬಿಡುತ್ತಾನೆ. ಸಂಬಳ ಅಪ್ಪನೇ ಬಂದು ಎಣಿಸಿಕೊಂಡು ಹೋಗುತ್ತಾನೆ. ಅಲ್ಯೋಶಾನ ಕೈಗೆ ಬರುವುದು ಹಬ್ಬಗಳಲ್ಲಿ ಅತಿಥಿಗಳು ಕೊಡುವ ಚಿಲ್ಲರೆ. ಅದು ಎರಡು ರೂಬಲ್ ಆದಾಗ, ಅಡುಗೆಯ ಉಸ್ತೀನ್ಯಾಳ ಮಾತು ಕೇಳಿ ಒಂದು ಕೆಂಪು ಸ್ವೆಟರು ಕೊಳ್ಳುತ್ತಾನೆ. ಅದನ್ನು ಹಾಕಿಕೊಂಡಾಗ ಹಿಗ್ಗಿನಿಂದ ಅವನ ತುಟಿಗಳು ಮುಚ್ಚಲೇ ಒಲ್ಲವು.

ಈ ಸ್ವೆಟರಿನ ಬಳಿ ನಾನು ನಿಲ್ಲಬೇಕು. ಅದು ವಸ್ತು. ಪಾಹೋಮನ ಕತೆಯ ನ್ಯಾಯ ಹಿಡಿದರೆ ಇದರಿಂದ ಅನಾಹುತ ಶುರುವಾಗಬೇಕಿತ್ತು: ಇಂದು ಸ್ವೆಟರು, ನಾಳೆ ಕೋಟು, ನಾಡಿದ್ದು ಮಾಲೀಕನ ಪೆಟ್ಟಿಗೆಗೆ ಕೈ. ಅಂಥದ್ದೇನೂ ನಡೆಯುವುದಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಹುಲ್ಲು ಹೂವುಗಳ ಬಳಿ ನಿಲ್ಲಲು ಆಗದ ಟಾಲ್‌ಸ್ಟಾಯ್ ಈ ಬಾಯಿ ಬಿಟ್ಟ ನಗುವಿನ ಬಳಿ ನಿಲ್ಲುತ್ತಾನೆ. ಅದರ ಪಕ್ಕದಲ್ಲೇ ಇನ್ನೊಂದು ವಿವರ ಇದೆ. ಉಸ್ತೀನ್ಯಾ ಅವನ ಹರಿದ ಪ್ಯಾಂಟಿಗೆ ತೇಪೆ ಹಾಕಿಕೊಡುತ್ತಾಳೆ. ಅವನು ತೇಪೆಯನ್ನು ನೋಡಿ ತಲೆಯಾಡಿಸಿ ನಗುತ್ತಾನೆ. ಕೊಂಡ ಸ್ವೆಟರಿಗೂ ಹಾಕಿಸಿಕೊಂಡ ತೇಪೆಗೂ ಒಂದೇ ನಗು, ಏಕೆಂದರೆ ಎರಡರಲ್ಲೂ ಅವಳಿದ್ದಾಳೆ. ಬೂಟು ತಿಕ್ಕಲು, ಸಾಮಾನು ಹೊರಲು ಬೇಕಾದ ಆಳಲ್ಲದೆ, ಬರೀ ತಾನೆಂಬ ಕಾರಣಕ್ಕೆ ಒಬ್ಬರಿಗೆ ತನ್ನ ಮೇಲೆ ಮರುಕವಿರಬಹುದು ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ತಿಳಿದದ್ದು ಅವಳಿಂದ. ನಂಬಿಕೆ ವಸ್ತುವಿಗಿಂತ ದೊಡ್ಡದು ಎಂದರೆ ವಸ್ತುವನ್ನು ಅನುಮಾನದಿಂದ ನೋಡುವುದೆಂದು ನಾವು ತಿಳಿದಿದ್ದೇವೆ. ವಸ್ತುವಿನ ಹಿಂದಿರುವ ಕೈಯನ್ನು ಕಾಣುವುದೇ ಅದರ ಅರ್ಥವೆಂದು ಈ ಕತೆ ತೋರಿಸುತ್ತದೆ.

ಆಮೇಲೆ ಆ ಕೈಯನ್ನೂ ಕಿತ್ತುಕೊಳ್ಳುತ್ತಾರೆ. ಅವನೂ ಉಸ್ತೀನ್ಯಾಳೂ ಮದುವೆಯಾದರೆ ಕೆಲಸಕ್ಕೆ ತೊಂದರೆಯೆಂದು ಮಾಲೀಕನ ಹೆಂಡತಿಗೆ ಇಷ್ಟವಿಲ್ಲ. ಅಪ್ಪ ಬಂದು ಒಲ್ಲೆ ಎನ್ನುತ್ತಾನೆ. ಅಪ್ಪನ ಮಾತು ಕೇಳಿದೆಯಾ ಎಂದು ಮಾಲೀಕನ ಹೆಂಡತಿ ಕೇಳಿದಾಗ ಅಲ್ಯೋಶಾ ಕೇಳಿದೆ ಎನ್ನುವಂತೆ ನಗುತ್ತಾನೆ, ಮರುಕ್ಷಣವೇ ಅಳುತ್ತಾನೆ. ವಿಮರ್ಶಕರ ಒಂದು ಬಣಕ್ಕೆ ಈ ಕತೆ ಗುಲಾಮಗಿರಿಯ ಕೀರ್ತನೆ: ದುಡಿ, ನಗು, ಸಂಬಳ ಕೇಳಬೇಡ, ಸಾಯಿ. ಹಾಗೆ ಓದುವವರು ಈ ಅಳುವನ್ನು ಏನು ಮಾಡುತ್ತಾರೆ? ಅದುವರೆಗೆ ಪ್ರತಿ ಬೈಗುಳಕ್ಕೂ ಪ್ರತಿ ಕೆಲಸಕ್ಕೂ ನಕ್ಕವನು ಇಲ್ಲಿ ಅತ್ತ. ಆ ಒಂದು ಕ್ರಿಯಾಪದದಿಂದ ಅಪ್ಪನ ಮೇಲೆ, ಮಾಲೀಕನ ಮನೆಯ ಮೇಲೆ ಆರೋಪಪಟ್ಟಿ ಸಿದ್ಧವಾಗುತ್ತದೆ. ಅವರು ಮಾಡಿದ್ದು ಸರಿಯೆಂದು ಕತೆಯಲ್ಲಿ ಎಲ್ಲೂ ಇಲ್ಲ. ಇದೇ ಬಣ ಪಾಹೋಮನನ್ನು ಮೆಚ್ಚುತ್ತದೆಂಬುದು ನನ್ನನ್ನು ನೋಯಿಸುತ್ತದೆ. ಬಡವನ ನೆಲದಾಸೆಗೆ ಮರಣದಂಡನೆ ಕೊಡುವ ಕತೆ ಅವರಿಗೆ ಕಲೆ, ಬಡವನ ಕಣ್ಣೀರನ್ನು ಕಂಡ ಕತೆ ಉಪದೇಶ.

ಅಲ್ಯೋಶಾನಿಗೆ ಪ್ರಾರ್ಥನೆಗಳು ಬರುವುದಿಲ್ಲ. ಅಮ್ಮ ಕಲಿಸಿದ್ದು ಮರೆತಿದೆ. ಬೆಳಿಗ್ಗೆ ಸಂಜೆ ಕೈಯಿಂದ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ, ಅಷ್ಟೇ. ತಪಸ್ಸುಕಾಲದಲ್ಲಿ ಹಿಮ ತೆಗೆಯಲು ಚಾವಣಿ ಹತ್ತಿ ಜಾರಿ ಬೀಳುತ್ತಾನೆ. ಮೂರನೆಯ ದಿನ ಪಾದ್ರಿ ಬಂದಾಗಲೂ ಅವನ ಪ್ರಾರ್ಥನೆ ಕೈ ಮತ್ತು ಹೃದಯದ್ದೇ. ಬಾಯಿಬಿಟ್ಟು ಉಪಕಾರ ಸ್ಮರಿಸುವುದು ಉಸ್ತೀನ್ಯಾಳ ಮುಂದೆ: ನನ್ನ ಮೇಲೆ ಮರುಕಪಟ್ಟೆಯಲ್ಲ, ಅದಕ್ಕೆ. ಮದುವೆಯಾಗದಿದ್ದದ್ದೇ ಒಳ್ಳೆಯದಾಯಿತು ಎಂದೂ ಅವಳಿಗೆ ಹೇಳುತ್ತಾನೆ. ಇದನ್ನು ಶರಣಾಗತಿ ಎಂದು ಓದಬಹುದು. ಹಿಂದೆ ಬಿಟ್ಟುಹೋಗುವವಳ ದುಃಖ ಇಳಿಸಲು ಸಾಯುತ್ತಿರುವವನು ಆಡಿದ ಮಾತೆಂದು ನಾನು ಓದುತ್ತೇನೆ. ದೇವರಿಗೆ ಹೇಳಲು ಮಾತಿಲ್ಲದವನಿಗೆ ಮನುಷ್ಯಳಿಗೆ ಹೇಳಲು ಮಾತಿತ್ತು. ಸ್ತೋತ್ರವೆಂದರೆ ಏನೆಂದು ಇದಕ್ಕಿಂತ ಸರಳವಾಗಿ ಹೇಳಿದ ಕತೆಯನ್ನು ನಾನು ಓದಿಲ್ಲ. ಕೊನೆಗೆ ನೀರು ಕೇಳುತ್ತಾನೆ, ಏನನ್ನೋ ಕಂಡು ಬೆರಗಾಗುತ್ತಾನೆ, ಮೈ ಚಾಚುತ್ತಾನೆ. ಏನನ್ನು ಕಂಡನೆಂದು ಟಾಲ್‌ಸ್ಟಾಯ್ ಹೇಳುವುದಿಲ್ಲ. ಆರಡಿಯನ್ನು ಅಳೆದು ಹೇಳಿದ ಲೇಖಕ ಇಲ್ಲಿ ಅಳೆಯದೆ ಬಿಟ್ಟ.

ಪಾಹೋಮನ ಓಟದ ವರ್ಣನೆಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಇಳಿಯುವ ಸೂರ್ಯ, ಗುಡ್ಡದ ಮೇಲೆ ಕೂಗುವ ಬಷ್ಕೀರರು, ನೆಲದ ಮೇಲಿಟ್ಟ ನರಿತೊಗಲಿನ ಟೋಪಿ ಕಣ್ಣಿಗೆ ಕಟ್ಟುತ್ತವೆ. ಆದರೆ ಅದು ಎಚ್ಚರಿಕೆ, ಎಚ್ಚರಿಕೆಗೆ ಬೇರೆ ಭಾನುವಾರಗಳಿವೆ. ಬೆಳೆ ಹಬ್ಬದ ದಿನ ಜನ ಹೊಸ ಬಟ್ಟೆ ಹಾಕಿಕೊಂಡು, ತಮ್ಮ ಗದ್ದೆಯ ಮೊದಲ ತೆನೆ ಹಿಡಿದು ಬರುತ್ತಾರೆ. ಆ ಬಟ್ಟೆಯ ಬಗ್ಗೆ, ಆ ಗದ್ದೆಯ ಬಗ್ಗೆ ಅವರು ನಾಚಿಕೊಂಡು ಮನೆಗೆ ಹೋಗುವಂತೆ ಮಾಡಬಾರದು. ನನ್ನ ಅಜ್ಜ ಡಿಕ್ಲರೇಶನ್‌ನಲ್ಲಿ ಬಂದ ಗದ್ದೆಯ ಮೊದಲ ತೆನೆಯನ್ನು ಎರಡು ಕೈಯಲ್ಲಿ ಹಿಡಿದು ದೇವಾಲಯಕ್ಕೆ ಬಂದಿದ್ದರಂತೆ, ಬಾಯಿ ಮುಚ್ಚಲಾಗದಷ್ಟು ನಗುತ್ತಾ. ಅಮ್ಮ ಇದನ್ನು ಹೇಳುವಾಗೆಲ್ಲ ನನಗೆ ನೆನಪಾಗುವುದು ಕೆಂಪು ಸ್ವೆಟರಿನ ಹುಡುಗ.