ತೆರಬಂಡಿಯ ಎದುರು ಅರಿಸ್ಟಾಟಲ್

ರಾಮದುರ್ಗ, ಸವದತ್ತಿ ಸೀಮೆಯ ಜಾತ್ರೆಯಲ್ಲಿ ತೆರಬಂಡಿ ಸ್ಪರ್ಧೆ ಇಟ್ಟರೆಂದರೆ ಸುತ್ತಲ ಹಳ್ಳಿಯ ರೈತರು ಹೊಲದ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಗಾಲಿ ತಿರುಗದಂತೆ ಬಿಗಿದ ಬಂಡಿ, ಅದರ ಮೇಲೆ ಹೇರಿದ ಭಾರ, ನೊಗಕ್ಕೆ ಕಟ್ಟಿದ ಜೋಡೆತ್ತು. ಗೊತ್ತು ಮಾಡಿದ ವೇಳೆಯೊಳಗೆ ಹೆಚ್ಚು ದೂರ ಎಳೆದ ಜೋಡಿ ಗೆದ್ದಂತೆ. ಭಾರ ಏರಿದಂತೆ ದೂರ ತಗ್ಗುತ್ತದೆ. ಎತ್ತು ನಿಂತಿತೋ, ಬಂಡಿಯೂ ನಿಂತಿತು.

ಅರಿಸ್ಟಾಟಲನ ‘ಭೌತಶಾಸ್ತ್ರ’ ಗ್ರಂಥದ ಏಳನೆಯ ಭಾಗದ ಕೊನೆಯ ಅಧ್ಯಾಯ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಒಂದು ಬಲ ಒಂದು ಭಾರವನ್ನು ಇಷ್ಟು ಹೊತ್ತಿನಲ್ಲಿ ಇಷ್ಟು ದೂರ ಒಯ್ದರೆ, ಅದೇ ಬಲ ಅರ್ಧ ಭಾರವನ್ನು ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ದೂರ ಒಯ್ಯುತ್ತದೆ. ಆದರೆ ಬಲ ಇಳಿಸುತ್ತ ಹೋದರೆ ಈ ಲೆಕ್ಕ ಕೊನೆತನಕ ನಡೆಯುವುದಿಲ್ಲವೆಂದೂ ಅವನು ಎಚ್ಚರಿಸುತ್ತಾನೆ. ಹಡಗನ್ನು ಎಳೆಯುವ ಗುಂಪಿನಲ್ಲಿ ಒಬ್ಬನನ್ನೇ ಉಳಿಸಿದರೆ ಹಡಗು ಸ್ವಲ್ಪ ದೂರವಲ್ಲ, ಒಂದು ಗೇಣೂ ಕದಲದು. ಒಂಟೆತ್ತು ಕಟ್ಟಿ ತೆರಬಂಡಿ ಎಳೆಸಿ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಶಾಲೆಯ ಪಾಠದಲ್ಲಿ ಅರಿಸ್ಟಾಟಲ್ ಬರುವುದೇ ಗೆಲಿಲಿಯೊನ ಕೈಯಲ್ಲಿ ಸೋಲುವುದಕ್ಕೆ. ಅದು ಅರ್ಧ ನ್ಯಾಯ. ಕಣ್ಣಿಗೆ ಕಂಡದ್ದನ್ನು ಅವನು ತಪ್ಪಾಗಿ ಬರೆಯಲಿಲ್ಲ. ನೆಲದ ತಿಕ್ಕಾಟ ತುಂಬಿದ ಈ ಲೋಕವನ್ನು ಪ್ರಾಮಾಣಿಕವಾಗಿಯೇ ಬರೆದ; ತಿಕ್ಕಾಟವನ್ನು ಬೇರೆಯಾಗಿ ಎಣಿಸದೆ ಅದನ್ನೇ ಪ್ರಕೃತಿಯ ನಿಯಮವೆಂದು ಬಗೆದ. ಕಲ್ಲು ಬೀಳುವುದು ತನ್ನ ನೆಲೆಯಾದ ಭೂಮಿಯನ್ನು ಸೇರಲು, ಹೆಚ್ಚು ಭಾರದ್ದು ಹೆಚ್ಚು ಬೇಗ ಸೇರುತ್ತದೆ ಎಂದವನು ಎರಡು ಕಲ್ಲನ್ನು ಒಟ್ಟಿಗೆ ಬಿಟ್ಟು ನೋಡುವ ಗೋಜಿಗೆ ಹೋಗಲಿಲ್ಲ. ತೂಕದಲ್ಲಿ ಬಹಳ ಅಂತರವಿದ್ದರೂ ಬೀಳುವ ಹೊತ್ತಿನಲ್ಲಿ ಅಂತರ ತೀರ ಕಡಿಮೆ ಎಂದು 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್ ಬರೆದಿಟ್ಟ. ಗೆಲಿಲಿಯೊ ಹುಟ್ಟುವುದಕ್ಕೆ ಆಗಿನ್ನೂ ಸಾವಿರ ವರ್ಷವಿತ್ತು.

ಅರಿಸ್ಟಾಟಲನ ಎಲ್ಲಕ್ಕಿಂತ ದುರ್ಬಲ ಉತ್ತರ ಎಸೆದ ಕಲ್ಲಿನದು. ತೆನೆ ಕಟ್ಟಿದ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸುವವನ ಕೈಯಿಂದ ಕಲ್ಲು ಬಿಟ್ಟ ಮೇಲೆ ಅದನ್ನು ಮುಂದೆ ನೂಕುವವರು ಯಾರು? ಗಾಳಿ, ಎಂದ ಅರಿಸ್ಟಾಟಲ್. ಎಳೆಯುವವರಿಲ್ಲದೆ ಬಂಡಿ ಚಲಿಸದು ಎಂಬ ಅನುಭವವನ್ನು ಬಿಟ್ಟುಕೊಡಲಾಗದೆ ಗಾಳಿಯನ್ನೇ ಎತ್ತಾಗಿ ಹೂಡಿದ. ಈ ಕಟ್ಟು ಬಿಚ್ಚಲು ಎರಡು ಸಾವಿರ ವರ್ಷ ಹಿಡಿಯಿತು. 1638ರಲ್ಲಿ ಗೆಲಿಲಿಯೊ ಎಸೆದ ವಸ್ತುವಿನ ಬಾಗುದಾರಿಯ ಲೆಕ್ಕ ಕೊಟ್ಟ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಬಂದೂಕಿನ ಗುಂಡಿಗೆ ಗಾಳಿ ಎಷ್ಟು ಅಡ್ಡಬರುತ್ತದೆಂದು ಅಳೆದ. ನೂಕುವ ಗಾಳಿ ತಡೆಯುವ ಗಾಳಿಯಾಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸೋತು, ಕಲೆಕ್ಟರ್ ಥ್ಯಾಕರೆಯನ್ನು ಕಳೆದುಕೊಂಡ ಕಂಪನಿಯ ಸೇನೆ ಡಿಸೆಂಬರಿನಲ್ಲಿ ಮತ್ತೆ ತೋಪು ಹೂಡಿಕೊಂಡು ಬರುವ ಹೊತ್ತಿಗೆ ಈ ಲೆಕ್ಕ ಯುರೋಪಿನಲ್ಲಿ ಹಳತಾಗಿತ್ತು.

ಅರಿಸ್ಟಾಟಲನ ಹೆಸರಿನಲ್ಲೇ ಉಳಿದುಬಂದ ಇನ್ನೊಂದು ಪುಟ್ಟ ಪುಸ್ತಕವಿದೆ: ‘ಯಂತ್ರ ಸಮಸ್ಯೆಗಳು’. ಬರೆದವನು ಅವನಲ್ಲ, ಅವನ ಪಂಥದ ಯಾರೋ ಒಬ್ಬ ಎಂಬುದು ಬಹುಪಾಲು ವಿದ್ವಾಂಸರ ಮತ. ಇರುವುದು 35 ಪ್ರಶ್ನೆ. ಬೈಲಹೊಂಗಲ, ಸವದತ್ತಿಯ ಓದುಗರಿಗೆ ದೊಡ್ಡ ಗ್ರಂಥಕ್ಕಿಂತ ಇದೇ ಹತ್ತಿರದ್ದು. ಏಕೆಂದರೆ ಇಲ್ಲಿನ ಪ್ರಶ್ನೆಗಳು ಆಕಾಶದಿಂದ ಇಳಿದವಲ್ಲ, ಬಾವಿಕಟ್ಟೆಯಿಂದ, ಪೇಟೆಯಿಂದ, ಬಡಿಗನ ಅಂಗಳದಿಂದ ಎದ್ದವು.

ಏತದ ಹಿಂತುದಿಗೆ ಭಾರ ಕಟ್ಟುವುದೇಕೆ? ಬರಿಯ ಪಾತ್ರೆ ಇಳಿಸುವಾಗ ಅದು ತುಸು ಅಡ್ಡಿಯೇ, ಆದರೆ ತುಂಬಿದ್ದನ್ನು ಎತ್ತುವಾಗ ಸಿಗುವ ಲಾಭ ಆ ನಷ್ಟವನ್ನು ಮೀರಿಸುತ್ತದೆ. ಕೊಡಲಿಯನ್ನು ಕೊರಡಿನ ಮೇಲಿಟ್ಟು ಎಷ್ಟು ಭಾರ ಹೇರಿದರೂ ಸೀಳದ ಕಟ್ಟಿಗೆ, ಎತ್ತಿ ಹೊಡೆದರೆ ಸೀಳುವುದೇಕೆ? ಅಡಕೊತ್ತಿನಂಥ ಇಕ್ಕುಳದಲ್ಲಿ ಗಟ್ಟಿ ಕಾಯಿ ಸುಲಭವಾಗಿ ಒಡೆಯುವುದೇಕೆ? ತಕ್ಕಡಿಯ ಪ್ರಶ್ನೆಯಂತೂ ಹತ್ತಿ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲದಲ್ಲಿ ಕೂತು ಬರೆದಂತಿದೆ. ನೇರಳೆ ಬಣ್ಣ ಮಾರುವ ವರ್ತಕರು ತಕ್ಕಡಿಯ ಹುರಿಯನ್ನು ನಡುವಿಗೆ ಕಟ್ಟದೆ, ಒಂದು ತೋಳಿನೊಳಗೆ ಸೀಸ ಸುರಿದು, ಮರದ ಬೇರಿನ ಕಡೆಯ ಭಾರದ ತುಂಡನ್ನು ತಮಗೆ ಬೇಕಾದ ಬದಿಗೆ ತಿರುಗಿಸಿ ತೂಕದಲ್ಲಿ ಹೊಡೆಯುವ ಬಗೆಯನ್ನು ಲೇಖಕ ಒಂದೊಂದಾಗಿ ಬಯಲಿಗೆಳೆಯುತ್ತಾನೆ.

ಸನ್ನೆಗೋಲಿನ ನಿಯಮವೂ ಇಲ್ಲಿದೆ: ಆನಿಕೆಯಿಂದ ದೂರ ಹೆಚ್ಚಿದಷ್ಟೂ ಕಡಿಮೆ ಬಲ ಸಾಕು. ಬಂಡೆ ಮೀಟಲು ಉದ್ದನೆಯ ಹಾರೆ ಹುಡುಕುವವನಿಗೆ ಇದು ಗೊತ್ತಿರುವುದೇ. ಆದರೆ ಕಾರಣ ಕೇಳಿದರೆ ಲೇಖಕ ಎಲ್ಲವನ್ನೂ ವೃತ್ತದ ಅಚ್ಚರಿಗೆ ಕಟ್ಟಿಬಿಡುತ್ತಾನೆ. ವೃತ್ತ ಚಲಿಸುತ್ತ ನಿಂತಿರುತ್ತದೆ, ಮುಂದೆ ಹೋಗುತ್ತ ಹಿಂದೆಯೂ ಬರುತ್ತದೆ, ಆದ್ದರಿಂದ ಪವಾಡ ಮಾಡುತ್ತದೆಯಂತೆ. ಇದು ವಿವರಣೆಯಲ್ಲ, ಬೆರಗು. ಆರ್ಕಿಮಿಡೀಸ್ ಅದೇ ನಿಯಮವನ್ನು ಸಮತೋಲದಿಂದ ಹೆಜ್ಜೆಹೆಜ್ಜೆಯಾಗಿ ಸಾಧಿಸಿ ತೋರಿಸಿದ. ಯಂತ್ರವೆಂದರೆ ಪ್ರಕೃತಿಗೆ ವಿರುದ್ಧವಾಗಿ ಗೆಲ್ಲುವ ಉಪಾಯ ಎಂಬ ಪುಸ್ತಕದ ಮೊದಲ ಮಾತೂ ನಿಲ್ಲುವುದಿಲ್ಲ. ಪಡುವಾದಲ್ಲಿ ಇದೇ ಪುಸ್ತಕದ ಮೇಲೆ ಪಾಠ ಮಾಡಿದ ಗೆಲಿಲಿಯೊ, ಯಂತ್ರ ಪ್ರಕೃತಿಯನ್ನು ಮೋಸಗೊಳಿಸದು, ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಇಲ್ಲವೇ ಹೊತ್ತಿನಲ್ಲಿ ತೆರಲೇಬೇಕು ಎಂದು ತಿದ್ದಿದ.

ಆದರೂ ಈ ಲೇಖಕನ ಒಂದು ಗುಣ ದೊಡ್ಡದು. ಎಸೆದ ವಸ್ತು ಕೊನೆಗೆ ನಿಲ್ಲುವುದೇಕೆ ಎಂದು ಕೇಳಿ, ಎರಡು ಮೂರು ಊಹೆ ಮುಂದಿಟ್ಟು, ಮೂಲಸೂತ್ರವೇ ಕೈಯಲ್ಲಿಲ್ಲದೆ ಚರ್ಚಿಸುವುದು ವ್ಯರ್ಥವೇನೋ ಎಂದು ತಾನೇ ಅನುಮಾನಿಸುತ್ತಾನೆ. ಎಲ್ಲಕ್ಕೂ ಸಿದ್ಧ ಉತ್ತರವಿದ್ದ ಗುರುವಿನ ಪಂಥದಲ್ಲಿ ಇದು ಅಪರೂಪದ ಧೈರ್ಯ.

ಗ್ರೀಕರ ನಿಸರ್ಗ ಚಿಂತನೆ ಎಲ್ಲಿ ಸೋಲುತ್ತದೆಂಬುದನ್ನು ಸವದತ್ತಿ ತಾಲ್ಲೂಕಿನ ನವಿಲುತೀರ್ಥ ತೋರಿಸುತ್ತದೆ. ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಹಿಂದಿನ ರೇಣುಕಾಸಾಗರದಲ್ಲಿ 37.73 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಗರಿಷ್ಠ ಮಟ್ಟ 2,079.50 ಅಡಿ. ಇಷ್ಟು ನೀರನ್ನು ಅಷ್ಟು ಕಿರಿದಾದ ಗೋಡೆ ತಡೆಯುವುದು ಹೇಗೆ? ನೀರು ತನ್ನ ನೆಲೆಯತ್ತ ಹರಿಯುತ್ತದೆ ಎಂಬ ಅರಿಸ್ಟಾಟಲನ ಮಾತಿನಿಂದ ಗೋಡೆಯ ದಪ್ಪ ಗೊತ್ತಾಗದು. ಒತ್ತಡ ಆಳಕ್ಕೆ ಸಂಬಂಧಿಸಿದ್ದು, ಹಿಂದೆ ನೀರು ಎಷ್ಟು ದೂರ ಹರಡಿದೆ ಎಂಬುದಕ್ಕಲ್ಲ ಎಂದು 1586ರಲ್ಲಿ ಸೈಮನ್ ಸ್ಟೆವಿನ್ ತೋರಿಸಿದ ಮೇಲೆಯೇ ಅಂಥ ಲೆಕ್ಕಕ್ಕೆ ದಾರಿಯಾಯಿತು.

ಯಂತ್ರಶಾಸ್ತ್ರದ ಮಟ್ಟಿಗೆ ಹೇಳುವುದಾದರೆ ‘ಭೌತಶಾಸ್ತ್ರ’ಕ್ಕಿಂತ ‘ಯಂತ್ರ ಸಮಸ್ಯೆಗಳು’ ಮೇಲು. ಉತ್ತರಗಳಿಗಾಗಿ ಅಲ್ಲ, ಪ್ರಶ್ನೆಗಳಿಗಾಗಿ. ಏತ, ಕಪಿಲೆಗಳ ಜಾಗಕ್ಕೆ ಪಂಪ್‌ಸೆಟ್ ಬಂದಿದೆ. ಹಾರೆ, ಕೊಡಲಿ, ಕವಣೆ, ಅಡಕೊತ್ತು ಇನ್ನೂ ಕೈಗೆ ಸಿಗುತ್ತವೆ. ಪುಸ್ತಕದ ಕೊನೆಯ ಪ್ರಶ್ನೆ ಸುಳಿಯದು: ಸುಳಿಗೆ ಸಿಕ್ಕಿದ್ದೆಲ್ಲ ನಡುವಿಗೇ ಬಂದು ಸೇರುವುದೇಕೆ? ರಾಮದುರ್ಗದ ಮಗ್ಗುಲಲ್ಲೇ ಮಲಪ್ರಭೆ ಹರಿಯುತ್ತದೆ. ಅಲ್ಲಿನ ಮೇಷ್ಟ್ರು ಮಕ್ಕಳನ್ನು ದಂಡೆಗೆ ಕರೆದೊಯ್ದು ಪಾಠವನ್ನು ಆ ಪ್ರಶ್ನೆಯಿಂದಲೇ ಶುರುಮಾಡಬಹುದು.